ಹಳೆ ಮಾನಿಟರ್ ಕಪ್ಪಾದರೆ ಮೊದಲು ಏನು ನೋಡಬೇಕು?

(ದೋಹಾದ ಬರ್ವಾ ಅಲ್ ಬರಾಹಾದಲ್ಲಿ ವಾಸವಿರುವ ಸಹೋದರರಿಗಾಗಿ ಏರ್ಪಡಿಸಿದ ಮಾಹಿತಿ ಕೂಟದಲ್ಲಿ ಮಾಡಿದ ಮಾತುಗಳ ಬರಹ ರೂಪ)





ಇವತ್ತಿನ ವಿಷಯ ತುಂಬ ಸಣ್ಣದು ಅಂತ ಕೆಲವರಿಗೆ ಅನಿಸಬಹುದು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇನ್ನು ಹಳೆ ಮಾನಿಟರ್ ಕಟ್ಟಿಕೊಂಡು ಎಂತ ಮಾಡುವುದು ಮಾರಾಯ್ರೆ ಅಂತ ಕೇಳಬಹುದು. ಊರಿಗೆ ವಿಡಿಯೋ ಕಾಲ್ ಮಾಡಲು ಮೊಬೈಲ್ ಸಾಕು, ಒಪ್ಪುತ್ತೇವೆ. ಆದರೆ ಬಯೋಡೇಟಾ ತಯಾರು ಮಾಡಲು, ಹೆಲ್ಪರ್ ಆಗಿರುವ ಹುಡುಗ ಸ್ಟೋರ್ ಕೀಪರ್ ಕೆಲಸಕ್ಕೆ ಬೇಕಾದ ಎಕ್ಸೆಲ್ ಕಲಿಯಲು, ನಾಲ್ಕೈದು ಪುಟದ ಕಾಂಟ್ರಾಕ್ಟನ್ನು ಸಾಲು ಸಾಲಾಗಿ ಓದಲು ದೊಡ್ಡ ಪರದೆಯೇ ಬೇಕು. 2020ರ ಕಾನೂನು ತಿದ್ದುಪಡಿಯ ನಂತರ ಇಲ್ಲಿ ಕೆಲಸ ಬದಲಿಸಲು ಹಳೆ ಮಾಲಕರ ಎನ್‌ಒಸಿ ಬೇಕಾಗಿಲ್ಲ, ನಿಯಮದಂತೆ ನೋಟಿಸ್ ಕೊಟ್ಟರಾಯ್ತು. ದಾರಿ ತೆರೆದಿದೆ. ಆ ದಾರಿಯಲ್ಲಿ ನಡೆಯಲು ಕೈಯಲ್ಲೊಂದು ಒಳ್ಳೆಯ ಬಯೋಡೇಟಾ ಬೇಕಲ್ವಾ?

ನಮ್ಮ ರೂಂಗಳಲ್ಲಿರುವ ಕಂಪ್ಯೂಟರ್‌ಗಳು ಹೆಚ್ಚಾಗಿ ಕ್ಯಾನ್ಸಲ್ ಆಗಿ ಊರಿಗೆ ಹೋದವರು ಬಿಟ್ಟು ಹೋದದ್ದು, ಇಲ್ಲವೇ ನಾಲ್ಕು ಜನ ಸೇರಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮಾನಿಟರ್‌ಗೆ ಹತ್ತೋ ಹದಿನೈದೋ ವರ್ಷ ಆಗಿರುತ್ತದೆ. ಒಂದು ದಿನ ಪರದೆ ಕಪ್ಪಾದರೆ ಎರಡು ತಪ್ಪು ದಾರಿಗಳಿವೆ. ಒಂದು, ಹಾಳಾಯ್ತು ಅಂತ ತಿಪ್ಪೆಗೆ ಹಾಕುವುದು. ಇನ್ನೊಂದು, ಸ್ಕ್ರೂ ಡ್ರೈವರ್ ಹಿಡಿದು ಬಿಚ್ಚುವುದು. ಮೊದಲನೆಯದರಿಂದ ದುಡ್ಡು ಹೋಗುತ್ತದೆ, ಎರಡನೆಯದರಿಂದ ಜೀವವೇ ಹೋಗಬಹುದು. ಇವೆರಡರ ನಡುವಿನ ದಾರಿಯನ್ನು ಹೇಳಲು ನಾವು ಇಲ್ಲಿ ನಿಂತಿದ್ದೇವೆ.

ಮೊದಲು ದೀಪ ನೋಡಿ

ಮಾನಿಟರ್‌ನ ಬಟನ್ ಹತ್ತಿರ ಒಂದು ಸಣ್ಣ ದೀಪ ಇರುತ್ತದೆ. ಅದೇ ಮೊದಲ ಸಾಕ್ಷಿ. ದೀಪ ಉರಿಯುವುದೇ ಇಲ್ಲ ಅಂದರೆ ಕರೆಂಟಿನ ವಿಷಯ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ, ಚಾರ್ಜ್ ಆಗ್ತದಾ? ಸಾಕೆಟ್ ಸರಿ ಇದ್ದರೆ ಕರೆಂಟಿನ ವಯರನ್ನು ಬದಲಿಸಿ ನೋಡಿ. ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಗೆ ಹಾಕುವ ವಯರೇ ಹೆಚ್ಚಿನ ಮಾನಿಟರ್‌ಗಳಿಗೂ ಆಗುತ್ತದೆ. ಇಲ್ಲಿನ ಚೌಕ ಕಾಲಿನ ಮೂರು ಪಿನ್ ಪ್ಲಗ್ಗಿನ ಒಳಗೆ ಒಂದು ಫ್ಯೂಸ್ ಇರುತ್ತದೆ, ಊರಿನ ಪ್ಲಗ್ಗಿನಲ್ಲಿ ಇದಿಲ್ಲ, ಹಾಗಾಗಿ ನಮ್ಮವರಿಗೆ ಇದು ನೆನಪಾಗುವುದಿಲ್ಲ. ಫ್ಯೂಸ್ ಸುಟ್ಟಿದ್ದರೆ ಮೊದಲಿದ್ದ ಆಂಪಿಯರ್‌ನದ್ದನ್ನೇ ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ತಂತಿ ಸುತ್ತಿ ಹಾಕುವ ಬುದ್ಧಿವಂತಿಕೆ ಖಂಡಿತ ಬೇಡ. ಒಂದೇ ರೂಮಿನಲ್ಲಿ ಎಷ್ಟು ಜನ ಮಲಗುತ್ತೇವೆ ಅಂತ ಒಮ್ಮೆ ಲೆಕ್ಕ ಹಾಕಿ.

ದೀಪ ಉರಿಯುತ್ತದೆ, ಆದರೆ ಕಿತ್ತಳೆ ಬಣ್ಣ ಅಥವಾ ಮಿಟುಕುತ್ತಾ ಇದೆ ಅಂದರೆ ಮಾನಿಟರ್ ಜೀವಂತ ಇದೆ, ಕಂಪ್ಯೂಟರಿನಿಂದ ಅದಕ್ಕೆ ಸಿಗ್ನಲ್ ಬರುತ್ತಾ ಇಲ್ಲ ಅಂತ ಅರ್ಥ. ಆಗ ಒಂದು ಪರೀಕ್ಷೆ ಮಾಡಿ. ಚಿತ್ರದ ಕೇಬಲನ್ನು ಕಂಪ್ಯೂಟರಿನಿಂದ ಬಿಡಿಸಿ, ಮಾನಿಟರನ್ನು ಮಾತ್ರ ಆನ್ ಮಾಡಿ. ಕೇಬಲ್ ನೋಡಿ, ಸಿಗ್ನಲ್ ಇಲ್ಲ ಅಂತ ಪರದೆ ಮೇಲೆ ಸ್ಪಷ್ಟ ಅಕ್ಷರದಲ್ಲಿ ಬಂದರೆ ಮಾನಿಟರ್ ಬಹುತೇಕ ಸರಿ ಇದೆ. ದೋಷ ಇರುವುದು ಕೇಬಲ್‌ನಲ್ಲಿ ಅಥವಾ ಕಂಪ್ಯೂಟರಿನಲ್ಲಿ. ಹಿಂದುಗಡೆ ಎರಡು ಕಡೆ ಚಿತ್ರದ ಪೋರ್ಟ್ ಇದ್ದರೆ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೆ ಹಾಕಿ. ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಅಕ್ಷರ ಒತ್ತಿ, ಚಿತ್ರ ಹೊರಗಿನ ಪರದೆಗೆ ಹೋಗುವ ಆಯ್ಕೆ ಅಲ್ಲಿ ಸಿಗುತ್ತದೆ.

ದೀಪ ಸರಿಯಾಗಿಯೇ ಇದೆ, ಕಂಪ್ಯೂಟರ್ ಸದ್ದು ಮಾಡುತ್ತದೆ, ಪರದೆ ಮಾತ್ರ ಕಪ್ಪು. ರೂಮಿನ ಲೈಟ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಚಿತ್ರ ಬರುತ್ತಾ ಇದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಆನ್ ಮಾಡಿದಾಗ ಎರಡು ಸೆಕೆಂಡ್ ಚಿತ್ರ ಬಂದು ಹೋಗುವುದೂ ಸಾಮಾನ್ಯವಾಗಿ ಇದೇ ಕಾಯಿಲೆ. ಇದು ನಮ್ಮ ಕೈಯ ಕೆಲಸ ಅಲ್ಲ, ರಿಪೇರಿ ಅಂಗಡಿಯವರದ್ದು.

ಬಣ್ಣ ಕೆಟ್ಟರೆ

ಹಳೆ ಮಾನಿಟರ್‌ಗಳಿಗೆ ಹೆಚ್ಚಾಗಿ ನೀಲಿ ತಲೆಯ, ಹದಿನೈದು ಪಿನ್ನಿನ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ಕಂಪೆನಿ ತಂದ ಪದ್ಧತಿ ಇದು. ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳು ಇದರಲ್ಲಿ ಬೇರೆ ಬೇರೆ ಪಿನ್ನಿನಲ್ಲಿ ಹೋಗುತ್ತವೆ. ಒಂದು ಪಿನ್ ಬಾಗಿದರೆ ಆ ಬಣ್ಣವೇ ಹೋಯ್ತು. ಬಿಳಿ ಕಾಗದ ಹಳದಿಯಾಗಿ ಕಂಡರೆ ನೀಲಿ ಬರುತ್ತಾ ಇಲ್ಲ. ಗುಲಾಬಿ ನೇರಳೆಯಾಗಿ ಕಂಡರೆ ಹಸಿರು ಇಲ್ಲ. ತಿಳಿನೀಲಿ ಹಸಿರಾಗಿ ಕಂಡರೆ ಕೆಂಪು ಇಲ್ಲ.

ಇದು ಬರೀ ಚಂದದ ಪ್ರಶ್ನೆ ಅಲ್ಲ. ಕೆಂಪು ಹೋದ ಪರದೆಯಲ್ಲಿ ಕೆಂಪು ಅಕ್ಷರ ಕಪ್ಪಾಗಿ ಕಾಣುತ್ತದೆ. ಅರ್ಜಿಯಲ್ಲಿ ಇದನ್ನು ಕಡ್ಡಾಯ ತುಂಬಿ ಅಂತ ಕೆಂಪಿನಲ್ಲಿ ಕೊಟ್ಟ ಗುರುತು, ತಪ್ಪಿದೆ ಅಂತ ಬರುವ ಎಚ್ಚರಿಕೆ ಎಲ್ಲ ಉಳಿದ ಅಕ್ಷರದ ಜೊತೆ ಬೆರೆತು ಹೋಗುತ್ತದೆ.

ಕಂಪ್ಯೂಟರ್ ಆಫ್ ಮಾಡಿ, ಕೇಬಲ್ ಬಿಡಿಸಿ, ಬೆಳಕಿಗೆ ಹಿಡಿದು ಪಿನ್ ನೋಡಿ. ಬಾಗಿದ್ದರೆ ಮೆಲ್ಲಗೆ ನೆಟ್ಟಗೆ ಮಾಡಿ. ಮಧ್ಯದ ಸಾಲಿನಲ್ಲಿ ಒಂದು ಪಿನ್ನೇ ಇಲ್ಲದಿದ್ದರೆ ಹೆದರಬೇಡಿ, ಅನೇಕ ಕೇಬಲ್‌ಗಳಲ್ಲಿ ಒಂಬತ್ತನೇ ಪಿನ್ ಕಂಪೆನಿಯಿಂದಲೇ ಇರುವುದಿಲ್ಲ. ಮತ್ತೆ ಹಾಕುವಾಗ ಎರಡೂ ಬದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿ. ಮಂಚ ಅಲುಗಿದಾಗಲೆಲ್ಲ ಬಣ್ಣ ಬದಲಾಗುವುದು ಈ ಸ್ಕ್ರೂ ಹಾಕದೇ ಬಿಡುವುದರಿಂದ.

ಚಿತ್ರ ಜರುಗಿದರೆ, ಅಕ್ಷರ ಮಸುಕಾದರೆ

ವಿಜಿಎಯಲ್ಲಿ ಇಡೀ ಚಿತ್ರ ಒಂದು ಬದಿಗೆ ಜರುಗುವುದುಂಟು. ಬಲಬದಿಯ ಕೊನೆಯ ಕಾಲಂ ಪರದೆಯಿಂದ ಹೊರಗೆ ಹೋಗುತ್ತದೆ. ಸಂಬಳದ ಪಟ್ಟಿಯಲ್ಲಿ ಕೊನೆಯ ಕಾಲಂ ಏನು ಅಂತ ನಿಮಗೇ ಗೊತ್ತು, ಎಲ್ಲಾ ಕಳೆದು ಕೈಗೆ ಸಿಗುವ ಮೊತ್ತ. 2021ರ ಮಾರ್ಚ್‌ನಿಂದ ಇಲ್ಲಿ ಕನಿಷ್ಠ ಮೂಲ ವೇತನ ತಿಂಗಳಿಗೆ 1000 ರಿಯಾಲ್. ಕಂಪೆನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಬೇರೆ. ಈ ಅಂಕಿಗಳನ್ನು ಕಾಂಟ್ರಾಕ್ಟಿನಲ್ಲಿ ನಮ್ಮದೇ ಕಣ್ಣಿನಿಂದ ಓದಬೇಕು, ಯಾರೋ ಹೇಳಿದ್ದನ್ನು ಕೇಳಿ ಸಹಿ ಹಾಕುವುದಲ್ಲ. ಮಾನಿಟರ್‌ನಲ್ಲಿ ಆಟೋ ಅಂತ ಬರೆದ ಬಟನ್ ಒಂದು ಸಲ ಒತ್ತಿದರೆ ಚಿತ್ರ ತನ್ನ ಜಾಗಕ್ಕೆ ಬರುತ್ತದೆ. ಬಟನ್ ಇಲ್ಲದಿದ್ದರೆ ಮೆನುವಿನೊಳಗೆ ಆ ಆಯ್ಕೆ ಇರುತ್ತದೆ.

ಅಕ್ಷರ ಮಸುಕಾದರೆ ಕಣ್ಣಿನ ಡಾಕ್ಟರ ಹತ್ತಿರ ಓಡುವ ಮೊದಲು ರೆಸಲ್ಯೂಶನ್ ನೋಡಿ. ಪ್ರತಿ ಎಲ್‌ಸಿಡಿ ಪರದೆಗೂ ಅದರದ್ದೇ ಅಳತೆ ಇದೆ. ಚೌಕ ಆಕಾರದ 15 ಇಂಚಿನದ್ದಕ್ಕೆ ಸಾಮಾನ್ಯವಾಗಿ 1024 × 768, ಚೌಕದ 17 ಮತ್ತು 19 ಇಂಚಿಗೆ 1280 × 1024. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದನ್ನೇ ಇಟ್ಟರೆ ಅಕ್ಷರ ಮುತ್ತಿನ ಹಾಗೆ ಕಾಣುತ್ತದೆ. ಅದಕ್ಕಿಂತ ಮೇಲೆ ಇಟ್ಟರೆ ಔಟ್ ಆಫ್ ರೇಂಜ್ ಅಂತ ಬಂದು ಪರದೆ ಕಪ್ಪಾಗಬಹುದು. ಆಗಲೂ ಮಾನಿಟರ್ ಹಾಳಾದದ್ದಲ್ಲ. ವಿಂಡೋಸ್ ಸೆಟ್ಟಿಂಗ್ ಬದಲಿಸಿದ ಕೂಡಲೇ ಏನೂ ಒತ್ತದೆ ಸುಮ್ಮನೆ ಕಾದರೆ ಸ್ವಲ್ಪ ಹೊತ್ತಿನಲ್ಲಿ ಅದಾಗಿಯೇ ಹಳೆಯದಕ್ಕೆ ಮರಳುತ್ತದೆ. ಮರಳದಿದ್ದರೆ ಬೇರೆ ಮಾನಿಟರ್ ಜೋಡಿಸಿ ಸೆಟ್ಟಿಂಗ್ ಕೆಳಗೆ ಇಳಿಸಿ, ಆಮೇಲೆ ಹಳೆಯದನ್ನು ಹಾಕಿ.

ಪರದೆ ಮೇಲೆ ಗೆರೆ ಬಂದರೆ ಮಾನಿಟರ್‌ನದ್ದೇ ಮೆನು ತೆರೆಯಿರಿ. ಮೆನುವಿನ ಮೇಲೂ ಗೆರೆ ಇದ್ದರೆ ದೋಷ ಮಾನಿಟರ್ ಒಳಗೆ. ಮೆನು ಸ್ವಚ್ಛವಾಗಿದ್ದು ಉಳಿದ ಚಿತ್ರದಲ್ಲಿ ಮಾತ್ರ ಗೆರೆ ಇದ್ದರೆ ಕೇಬಲ್ ಅಥವಾ ಕಂಪ್ಯೂಟರ್. ಮೇಲಿಂದ ಕೆಳಗೆ ಕೂದಲಿನಷ್ಟು ಸಪೂರ ಗೆರೆ ಯಾವಾಗಲೂ ಒಂದೇ ಜಾಗದಲ್ಲಿ ನಿಂತಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಕೆಲಸ ನಡೆಯುವಷ್ಟು ದಿನ ನಡೆಸಿ.

ಬಿಚ್ಚಬೇಡಿ, ದಯವಿಟ್ಟು

ಆನ್ ಆಗಲು ಹತ್ತು ನಿಮಿಷ ಬೇಕು, ಮಿಟುಕಿ ಮಿಟುಕಿ ಕೊನೆಗೆ ಚಿತ್ರ ಬರುತ್ತದೆ ಅಂದರೆ ಹೆಚ್ಚಾಗಿ ಒಳಗಿನ ಕೆಪಾಸಿಟರ್ ಉಬ್ಬಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಅನೇಕ ಕೆಪಾಸಿಟರ್‌ಗಳಲ್ಲಿ ಒಳಗಿನ ದ್ರಾವಣವೇ ಕಳಪೆ ಇತ್ತು, ಲೋಕದಾದ್ಯಂತ ಕಂಪ್ಯೂಟರ್‌ಗಳು ಇದರಿಂದ ಕೆಟ್ಟವು. ಬಿಸಿ ಹೆಚ್ಚಾದಷ್ಟೂ ಕೆಪಾಸಿಟರ್‌ನ ಆಯುಷ್ಯ ಕಡಿಮೆ. ಇಲ್ಲಿನ ಧೂಳು ಗಾಳಿಯ ತೂತು ಮುಚ್ಚುತ್ತದೆ, ಅದರ ಮೇಲೆ ನಾವು ಟವೆಲ್ ಒಣಗಿಸುತ್ತೇವೆ. ಕೆಡದೆ ಇನ್ನೇನಾಗಬೇಕು?

ಕೆಪಾಸಿಟರ್ ಬದಲಿಸುವುದು ಗೊತ್ತಿದ್ದವರಿಗೆ ಕಡಿಮೆ ಖರ್ಚಿನ ಕೆಲಸ. ಆದರೆ ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ನಿಂತಿರುತ್ತದೆ. ಊರಲ್ಲಿ ಮನೆಯ ಅಟ್ಟದಲ್ಲಿರುವ ದಪ್ಪ ಪೆಟ್ಟಿಗೆಯಂಥ ಮಾನಿಟರ್ ಇನ್ನೂ ಅಪಾಯ. ಅದರ ಗಾಜಿನ ಕೊಳವೆಗೆ ಇಪ್ಪತ್ತು ಸಾವಿರ ವೋಲ್ಟ್‌ಗೂ ಮೇಲೆ ಹೋಗುತ್ತದೆ, ಆಫ್ ಮಾಡಿದ ಮೇಲೂ ಅದು ಉಳಿದಿರಬಹುದು. ಈ ವರ್ಷ ರಜೆಗೆ ಹೋಗುವವರು ಇದನ್ನು ಮನೆಯ ಮಕ್ಕಳಿಗೂ ಹೇಳಿ. ಯೂಟ್ಯೂಬ್ ನೋಡಿ ಬಿಚ್ಚುವ ಹುಡುಗರು ಎಲ್ಲಾ ಮನೆಯಲ್ಲೂ ಇದ್ದಾರೆ.

ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ ಗೋಡೆಯ ಸ್ವಿಚ್ ಆಫ್ ಮಾಡಿ, ಆಗುವುದಾದರೆ ಪ್ಲಗ್ ಎಳೆಯಿರಿ. ನೀರು ಹಾಕಬೇಡಿ. ಮಲಗಿದವರನ್ನು ಎಬ್ಬಿಸಿ ಹೊರಗೆ ಕಳಿಸಿ, ಸೆಕ್ಯುರಿಟಿಗೆ ತಿಳಿಸಿ, 999ಕ್ಕೆ ಫೋನ್ ಮಾಡಿ. ಮಾನಿಟರ್ ಇನ್ನೊಂದು ಸಿಗುತ್ತದೆ.

ಖರೀದಿ ಮಾಡುವವರಿಗೆ ಎರಡು ಮಾತು

ಸೆಕೆಂಡ್ ಹ್ಯಾಂಡ್ ಮಾನಿಟರ್ ನೋಡಲು ಹೋದಾಗ ಅದು ಮೊದಲೇ ಆನ್ ಆಗಿದ್ದರೆ ಜಾಗ್ರತೆ. ಕೆಪಾಸಿಟರ್ ಕಾಯಿಲೆ ತಣ್ಣಗಿರುವಾಗ ಮಾತ್ರ ಕಾಣುತ್ತದೆ, ಬಿಸಿಯಾದ ಮೇಲೆ ಅಡಗುತ್ತದೆ. ಆಫ್ ಮಾಡಿಸಿ, ಒಂದು ಚಾಯ ಕುಡಿದು ಬಂದು, ತಣ್ಣಗಾದ ಮೇಲೆ ನಿಮ್ಮ ಮುಂದೆ ಆನ್ ಮಾಡಿಸಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ, ಈ ಐದು ಚಿತ್ರಗಳನ್ನು ಮೊಬೈಲ್‌ನಲ್ಲೋ ಪೆನ್ ಡ್ರೈವ್‌ನಲ್ಲೋ ಇಟ್ಟುಕೊಂಡು ಹೋಗಿ ಪರದೆ ತುಂಬ ಹಾಕಿ ನೋಡಿ. ಗೆರೆ, ಚುಕ್ಕೆ, ಕಲೆ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ವಿಜಿಎ ಇರುವುದಿಲ್ಲ, ಎಚ್‌ಡಿಎಂಐ ಮಾತ್ರ. ಹಳೆ ಮಾನಿಟರ್‌ಗೆ ಜೋಡಿಸಲು ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು, ಬರೀ ವಯರ್ ಸಾಲದು. ಅಂಗಡಿಯಲ್ಲಿ ಎಚ್‌ಡಿಎಂಐಯಿಂದ ವಿಜಿಎಗೆ ಅಂತ ಸ್ಪಷ್ಟವಾಗಿ ಹೇಳಿ. ತಿರುಗಿಸಿ ಬರೆದದ್ದು ಬೇರೆಯೇ ವಸ್ತು, ಅದು ನಡೆಯುವುದಿಲ್ಲ.

ಸಹೋದರರೇ, ಒಂದೇ ಸೂತ್ರ ನೆನಪಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ದುಡ್ಡು ಕೊಡುವ ಮೊದಲು ಪಕ್ಕದ ರೂಮಿನ ಕೇಬಲ್, ಪಕ್ಕದ ರೂಮಿನ ಲ್ಯಾಪ್‌ಟಾಪ್ ಕೇಳಿ ತಂದು ಹಾಕಿ. ನಾವು ಇಷ್ಟು ಹತ್ತಿರ ಹತ್ತಿರ ಬದುಕುವುದರಿಂದ ಆಗುವ ಲಾಭ ಇದೇ ಅಲ್ವಾ? ಊರಿಗೆ ಹೋಗುವವರು ಮಾನಿಟರ್ ಬಿಟ್ಟು ಹೋಗುವುದಾದರೆ ಕೇಬಲ್ ಸಮೇತ ಬಿಟ್ಟು, ಅದರ ರೆಸಲ್ಯೂಶನ್ ಮತ್ತು ಅದಕ್ಕಿರುವ ಕಾಯಿಲೆಯನ್ನು ಒಂದು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಮುಂದೆ ಬರುವ ಹುಡುಗ ಅದರಲ್ಲಿ ಕಲಿಯಲಿ.

ಈಗ ಮುಂದಿನ ಮೇಜಿನಲ್ಲಿ ಎರಡು ಕೇಬಲ್ ಮತ್ತು ಒಂದು ಮಾನಿಟರ್ ಇಟ್ಟಿದ್ದೇವೆ. ಯಾರಿಗೆ ಸಂಶಯ ಇದೆಯೋ ಬಂದು ಕೈಯಿಂದ ಮಾಡಿ ನೋಡಿ.