ಪಂಜರದ ಗಿಳಿಯೂ ಶ್ರಾವಕಧರ್ಮವೂ

  

ಈ ಪಂಚಕಲ್ಯಾಣ ಮಹೋತ್ಸವದ ಅಂಗವಾಗಿ ಪೇಟೆಯಿಂದ ಪಂಜರದ ಹಕ್ಕಿಗಳನ್ನು ಕೊಂಡು ತಂದು ಬಸದಿಯ ಪ್ರಾಂಗಣದಲ್ಲಿ ಹಾರಿಬಿಡಬೇಕೆಂಬ ಸಲಹೆಯೊಂದು ಬಂದಿದೆ. ಅದರ ಹಿಂದಿರುವ ಜೀವದಯೆಗೆ ನಾನು ತಲೆಬಾಗುತ್ತೇನೆ. ಆದರೂ ಆ ಕಾರ್ಯ ನಡೆಯಬಾರದೆಂಬುದು ನನ್ನ ವಿನಮ್ರ ಅಭಿಪ್ರಾಯ. ಅದಕ್ಕೆ ಕಾರಣವನ್ನು ದೂರದೇಶದ ಗಿಳಿಯೊಂದರ ವೃತ್ತಾಂತದಿಂದ ನಿವೇದಿಸುತ್ತೇನೆ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ, ಉರುಗ್ವೆ ಮೊದಲಾದ ದೇಶಗಳಲ್ಲಿ ಹಸಿರು ಮೈಯ, ಬೂದು ಎದೆಯ ಗಿಳಿಯೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಮಾಂಕ್ ಪ್ಯಾರಕೀಟ್, ಎಂದರೆ ಸನ್ಯಾಸಿ ಗಿಳಿ ಎಂದು ಹೆಸರು. ಗಿಳಿಗಳು ಸಾಮಾನ್ಯವಾಗಿ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಇದಾದರೋ ಕಡ್ಡಿಗಳನ್ನು ಹೆಣೆದು, ಹಲವು ಜೋಡಿಗಳು ಕೂಡಿ ಬಾಳುವಂಥ ದೊಡ್ಡ ಗೂಡನ್ನು ಕಟ್ಟುತ್ತದೆ.

1960ರ ದಶಕದಿಂದ ಈ ಗಿಳಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತಂದು ಮಾರಿದರು. ಕೆಲವು ತಪ್ಪಿಸಿಕೊಂಡವು, ಕೆಲವನ್ನು ಬೇಸತ್ತ ಒಡೆಯರೇ ಬಿಟ್ಟರು. ನ್ಯೂಯಾರ್ಕ್, ಷಿಕಾಗೋ ನಗರಗಳ ಕೊರೆಯುವ ಚಳಿಯಲ್ಲಿಯೂ ಅವು ಬದುಕಿ ಬೆಳೆದವು. ವಿದ್ಯುತ್ ಕಂಬಗಳ ಮೇಲೆ ಕಟ್ಟಿದ ಗೂಡುಗಳಿಂದ ಬೆಂಕಿಯ ಅಪಾಯ, ದೀಪ ಆರುವ ತೊಂದರೆ ಉಂಟಾಯಿತು. ಬೆಳೆಗೂ ಹಾನಿಯಾದೀತೆಂಬ ಭಯ ಹುಟ್ಟಿತು. ಇಂದು ಕ್ಯಾಲಿಫೋರ್ನಿಯ, ಪೆನ್ಸಿಲ್ವೇನಿಯ, ಜಾರ್ಜಿಯ ಮೊದಲಾದ ರಾಜ್ಯಗಳಲ್ಲಿ ಈ ಗಿಳಿಯನ್ನು ಮನೆಯಲ್ಲಿ ಸಾಕುವುದೇ ನಿಷಿದ್ಧ. ಬೇರೆ ಹಲವು ರಾಜ್ಯಗಳಲ್ಲಿ ಅಡ್ಡಿಯಿಲ್ಲ. ಕನೆಕ್ಟಿಕಟ್ ರಾಜ್ಯದಲ್ಲಿ 2005ರಲ್ಲಿ ಕಂಬಗಳ ಮೇಲಿನ ಗೂಡುಗಳನ್ನು ಕಿತ್ತು, ಹಿಡಿದ ಗಿಳಿಗಳನ್ನು ಅನಿಲದಿಂದ ಕೊಂದಾಗ ಜನರು ಬೀದಿಗಿಳಿದು ಪ್ರತಿಭಟಿಸಿದರು.

ಸ್ಪೇನ್ ದೇಶವು 2011ರಲ್ಲಿ ಈ ಗಿಳಿಯನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ಪಟ್ಟಿಯಲ್ಲಿ ನಮ್ಮ ಹೊಲತೋಟಗಳ ಕೆಂಪು ಕೊರಳಪಟ್ಟಿಯ ಗಿಳಿಯೂ ಇದೆ! ನಮಗೆ ನೆರೆಯದಾದ ಹಕ್ಕಿ ಅಲ್ಲಿ ಪರದೇಶಿ. ಸೆವಿಲ್ ನಗರದ ಉದ್ಯಾನವೊಂದರಲ್ಲಿ ಅದು ಅಪರೂಪದ ದೊಡ್ಡ ಬಾವಲಿಗಳನ್ನು ಅವುಗಳ ಪೊಟರೆಗಳಿಂದ ಹೊರದೂಡಿ, ಕೆಲವನ್ನು ಕೊಂದುದೂ ಉಂಟು. ಮ್ಯಾಡ್ರಿಡ್ ನಗರದಲ್ಲಿ ಸನ್ಯಾಸಿ ಗಿಳಿಗಳ ಸಂಖ್ಯೆ ಸುಮಾರು 12,000ಕ್ಕೆ ಏರಿದಾಗ, ಅವುಗಳನ್ನು ಕೊಂದು ಕಡಿಮೆ ಮಾಡುವ ಯೋಜನೆಯನ್ನು 2019ರಲ್ಲಿ ಪ್ರಕಟಿಸಲಾಯಿತು.

ಈ ಹಿಂಸೆಗೆ ಹೊಣೆ ಯಾರು? ಗಿಳಿ ತಾನಾಗಿ ಸಾಗರವನ್ನು ದಾಟಿ ಹೋಗಲಿಲ್ಲ. ಚೆಲುವಾದುದು ತನ್ನ ಮನೆಯಲ್ಲಿರಬೇಕೆಂಬ ಮನುಷ್ಯನ ಪರಿಗ್ರಹವೇ ಅದನ್ನು ಕೊಂಡೊಯ್ದಿತು. ನಿಷೇಧವು ಕಠೋರವೆಂದು, ಪ್ರೀತಿಯಿಂದ ಸಾಕುವವನಿಗೂ ಅಡ್ಡಿಯೆಂದು ಕೆಲವರು ಆಕ್ಷೇಪಿಸುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂಗಡಿಯ ಬಾಗಿಲಲ್ಲಿ ಬರುವ ನಿಷೇಧ ಜೀವವನ್ನು ಉಳಿಸುತ್ತದೆ. ಹಕ್ಕಿಗಳು ಊರೆಲ್ಲ ಹಬ್ಬಿದ ಮೇಲೆ ಬರುವ ಆಜ್ಞೆ ಜೀವವನ್ನು ತೆಗೆಯುತ್ತದೆ.

ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮಕಾವ್, ಆಫ್ರಿಕದ ಬೂದು ಗಿಳಿ ಮುಂತಾದ ವಿದೇಶೀ ಹಕ್ಕಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿವೆ. ಆದರೆ ಕಾನೂನು ಬಿಟ್ಟುದನ್ನೆಲ್ಲ ಶ್ರಾವಕನು ಮಾಡಬಹುದೆ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಪಂಜರ ಚಿನ್ನದ್ದಾದರೂ ಬಂಧ ಬಂಧವೇ.

ಇನ್ನು ಕೊಂಡು ಬಿಡುವ ವಿಚಾರ. ನಾನು ವ್ಯಾಪಾರಿ. ಮಾರುವವನಿಗೆ ಗಿರಾಕಿಯ ಉದ್ದೇಶ ಬೇಕಾಗಿಲ್ಲ, ಹಣ ಬಂದರೆ ಸಾಕು. ಇಂದು ನಾವು ಹತ್ತು ಪಂಜರಗಳನ್ನು ಬರಿದು ಮಾಡಿದರೆ ನಾಳೆ ಅವನು ಇಪ್ಪತ್ತನ್ನು ತುಂಬಿಸುತ್ತಾನೆ. ಪಂಜರದಲ್ಲೇ ಹುಟ್ಟಿದ ವಿದೇಶೀ ಹಕ್ಕಿಗೆ ಇಲ್ಲಿ ಆಹಾರ ಹುಡುಕಲು ತಿಳಿಯದು. ಕಾಗೆ, ಬೆಕ್ಕುಗಳಿಂದ ತಪ್ಪಿಸಿಕೊಳ್ಳಲೂ ತಿಳಿಯದು. ಬಹುತೇಕ ಅದು ಸಾಯುತ್ತದೆ. ಬದುಕಿ ಬೆಳೆದರೆ, ಅಮೆರಿಕ, ಸ್ಪೇನುಗಳಲ್ಲಿ ಆದುದು ಇಲ್ಲಿಯೂ ಆಗಬಹುದು.

ಭಗವಾನ್ ನೇಮಿನಾಥರು ವಿವಾಹದ ಮೆರವಣಿಗೆಯಲ್ಲಿ ಸೆರೆಯಲ್ಲಿದ್ದ ಮೃಗಗಳನ್ನು ಕಂಡರು. ಅವು ತಮ್ಮ ವಿವಾಹದ ಔತಣಕ್ಕಾಗಿ ಎಂದು ತಿಳಿದೊಡನೆ ಆ ವಿವಾಹವನ್ನೇ ತ್ಯಜಿಸಿ ಗಿರಿನಾರಕ್ಕೆ ನಡೆದರು. ಬಂಧನದ ಕಾರಣವನ್ನೇ ತ್ಯಜಿಸುವುದು ನಿಜವಾದ ಅಭಯದಾನ.

ಆದುದರಿಂದ ನನ್ನ ವಿನಂತಿ ಇಷ್ಟು: ಯಾವ ಹಕ್ಕಿಯನ್ನೂ ಕೊಳ್ಳುವುದಿಲ್ಲವೆಂದು ನಾವೆಲ್ಲರೂ ಭಗವಂತನ ಸನ್ನಿಧಿಯಲ್ಲಿ ನಿಯಮ ಸ್ವೀಕರಿಸೋಣ. ಈಗಾಗಲೇ ವಿದೇಶೀ ಹಕ್ಕಿ ಮನೆಯಲ್ಲಿದ್ದವರು ಅದನ್ನು ನೋಂದಾಯಿಸಿ, ಹೊರಗೆ ಬಿಡದೆ, ಅದರ ಆಯುಷ್ಯವಿರುವವರೆಗೆ ದಯೆಯಿಂದ ಸಲಹಲಿ; ಅದರ ಸ್ಥಾನಕ್ಕೆ ಇನ್ನೊಂದನ್ನು ತಾರದಿರಲಿ. ನಾಡಿನ ಗಿಳಿಯಿದ್ದವರು ಅರಣ್ಯ ಇಲಾಖೆಗೆ ಒಪ್ಪಿಸಲಿ. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗೆ ಧರ್ಮಾರ್ಥ ಆಸ್ಪತ್ರೆಯೊಂದು ನಡೆಯುತ್ತಿದೆ. ಹಕ್ಕಿಗಳನ್ನು ಕೊಳ್ಳಲೆಂದು ಕೂಡಿಸುವ ಹಣದಿಂದ ನಾವೂ ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ಒಂದು ನಿಧಿಯನ್ನು ಆರಂಭಿಸೋಣ. ಬಸದಿಯ ಸುತ್ತ ಆಲ, ಅತ್ತಿ, ಅರಳಿಗಳನ್ನು ನೆಡೋಣ.

ತೀರ್ಥಂಕರರ ಸಮವಸರಣದ ದ್ವಾದಶ ಸಭೆಗಳಲ್ಲಿ ಪಶುಪಕ್ಷಿಗಳಿಗೂ ಒಂದು ಸಭೆಯುಂಟು. ಅಲ್ಲಿ ಪಂಜರವಿಲ್ಲ. ಅವು ತಾವಾಗಿ ಬಂದು ಕುಳಿತು ದಿವ್ಯಧ್ವನಿಯನ್ನು ಆಲಿಸುತ್ತವೆ. ನಮ್ಮ ಈ ನೂತನ ಬಸದಿಯ ಶಿಖರಕ್ಕೂ ಹಕ್ಕಿಗಳು ಹಾಗೆಯೇ, ತಾವಾಗಿಯೇ ಬರುವಂತಾಗಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.