ಔಷಧ ಸೇವನೆಯೂ ರಕ್ತಪರೀಕ್ಷೆಯ ಕಾಲನಿರ್ಣಯವೂ



ಎಚ್.ಐ.ವಿ. ಸೋಂಕು ತಗುಲಿರಬಹುದೆಂಬ ಶಂಕೆಯಿಂದ ಆಸ್ಪತ್ರೆಗೆ ಧಾವಿಸಿ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನಿಯಮವಾಗಿ ತೆಗೆದುಕೊಳ್ಳಲು ತೊಡಗಿದವರನ್ನು ನಾಲ್ಕಾರು ದಿನಗಳೊಳಗೆ ಮತ್ತೊಂದು ಶಂಕೆ ಹಿಡಿದುಕೊಳ್ಳುವುದುಂಟು. ಈ ಔಷಧಿಯು ಮುಂದೆ ಮಾಡಿಸತಕ್ಕ ರಕ್ತಪರೀಕ್ಷೆಯನ್ನೇ ಕೆಡಿಸಿಬಿಟ್ಟರೆ ಏನು ಗತಿ, ಇರುವ ಸೋಂಕು ಇಲ್ಲವೆಂದು ವರದಿಯಲ್ಲಿ ಕಂಡರೆ ಯಾರನ್ನು ಕೇಳುವುದು, ಎಂಬುದೇ ಆ ಶಂಕೆ. ಇದು ಅರ್ಥವಿಲ್ಲದ ಭಯವೆಂದು ನಾನು ತಳ್ಳಿಹಾಕಲಾರೆ. ಇದರಲ್ಲಿ ವಿಚಾರಾರ್ಹವಾದ ಸತ್ಯಾಂಶವಿದೆ. ಆದರೆ ಈ ಭಯಕ್ಕೆ ಒಳಗಾಗಿ, ‘ಮೊದಲು ಪರೀಕ್ಷೆ ಮುಗಿಯಲಿ, ಮಾತ್ರೆ ಆಮೇಲೆ ನೋಡೋಣ’ ಎಂದು ಔಷಧಿಯನ್ನು ಮುಂದೂಡುವವರೂ, ಅರ್ಧಕ್ಕೆ ನಿಲ್ಲಿಸಿಬಿಡುವವರೂ ಇದ್ದಾರಲ್ಲ, ಅವರ ಕ್ಷೇಮವನ್ನು ನೆನೆದೇ ಇಂದು ಈ ವಿಷಯವನ್ನು ಕೊಂಚ ವಿಸ್ತಾರವಾಗಿ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಪರೀಕ್ಷೆಯೆಂದರೆ ಏನೆಂಬುದನ್ನು ಹತ್ತಿರದಿಂದ ನೋಡೋಣ. ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕರೊಡನೆ ಮಾತುಕತೆ ಮುಗಿದ ಬಳಿಕ, ಪ್ರಯೋಗಶಾಲೆಯವರು ನಿಮ್ಮ ರಕ್ತದ ಒಂದು ಹನಿಯನ್ನು ಕಿರುಬೆರಳಷ್ಟು ಉದ್ದದ ಪಟ್ಟಿಯೊಂದರ ಮೇಲೆ ಬಿಟ್ಟು, ಅದಕ್ಕೆ ಒಂದೆರಡು ಹನಿ ದ್ರಾವಣವನ್ನು ಸೇರಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಪಟ್ಟಿಯ ಮೇಲೆ ಒಂದು ಗೆರೆ ಮೂಡುತ್ತದೆ. ಅದು ಪಟ್ಟಿ ಸರಿಯಾಗಿ ಕೆಲಸ ಮಾಡಿತೆಂಬುದಕ್ಕೆ ಪ್ರಮಾಣ. ಅದರೊಡನೆ ಇನ್ನೊಂದು ಗೆರೆಯೂ ಕಾಣಿಸಿಕೊಂಡರೆ ಮಾತ್ರ ಸೋಂಕಿನ ಅನುಮಾನ ಹುಟ್ಟುತ್ತದೆ. ಆಗಲೂ ಆ ಒಂದು ಪಟ್ಟಿಯನ್ನೇ ನಂಬದೆ, ಬೇರೆ ಬೇರೆ ಬಗೆಯ ಪರೀಕ್ಷೆಗಳಿಂದ ದೃಢಪಡಿಸಿಕೊಂಡ ಮೇಲೆಯೇ ನಿರ್ಣಯ ಹೇಳುವುದು ನಮ್ಮ ದೇಶದ ಪದ್ಧತಿ. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಎರಡನೆಯ ಗೆರೆಯನ್ನು ಮೂಡಿಸುವುದು ಸಾಮಾನ್ಯವಾಗಿ ವೈರಾಣುವಲ್ಲ. ವೈರಾಣುವನ್ನು ಎದುರಿಸಲು ನಮ್ಮ ಶರೀರವೇ ಸಿದ್ಧಪಡಿಸಿದ ಪ್ರತಿಕಾಯಗಳು. ಪ್ರಯೋಗಶಾಲೆಗಳಲ್ಲಿ ನಡೆಸುವ ನಾಲ್ಕನೆಯ ತಲೆಮಾರಿನ ಪರೀಕ್ಷೆಯು ಪ್ರತಿಕಾಯಗಳ ಜೊತೆಗೆ ವೈರಾಣುವಿನ ಒಳಕವಚದ ಪಿ೨೪ ಎಂಬ ಪ್ರೋಟೀನನ್ನೂ ಹುಡುಕುತ್ತದೆ, ಇನ್ನು ಆರ್.ಎನ್.ಎ. ಪರೀಕ್ಷೆಯೆಂಬುದು ವೈರಾಣುವಿನ ಆನುವಂಶಿಕ ದ್ರವ್ಯವನ್ನೇ ನೇರವಾಗಿ ಅರಸುತ್ತದೆ.

ಈ ಮೂರರಲ್ಲಿ ಯಾವುದೂ ಸೋಂಕು ತಗುಲಿದ ಮರುದಿನವೇ ಅದನ್ನು ಕಾಣಲಾರದು. ಆರ್.ಎನ್.ಎ. ಪರೀಕ್ಷೆಗೆ ೧೦ರಿಂದ ೩೩ ದಿನಗಳು, ರಕ್ತನಾಳದಿಂದ ತೆಗೆದ ರಕ್ತದ ಮೇಲೆ ಪ್ರಯೋಗಶಾಲೆಯಲ್ಲಿ ಮಾಡುವ ನಾಲ್ಕನೆಯ ತಲೆಮಾರಿನ ಪರೀಕ್ಷೆಗೆ ೧೮ರಿಂದ ೪೫ ದಿನಗಳು, ಪ್ರತಿಕಾಯಗಳನ್ನು ಮಾತ್ರ ನೋಡುವ ಶೀಘ್ರ ಪರೀಕ್ಷೆಗಳಿಗೆ ೨೩ರಿಂದ ೯೦ ದಿನಗಳು ಬೇಕಾಗುತ್ತವೆ. ಇದನ್ನೇ ವಿಂಡೋ ಅವಧಿಯೆಂದು ಕರೆಯುತ್ತಾರೆ. ಈ ಲೆಕ್ಕವೆಲ್ಲ ಯಾವ ಔಷಧಿಯನ್ನೂ ತೆಗೆದುಕೊಳ್ಳದಿರುವವರಿಗೆ ಅನ್ವಯಿಸತಕ್ಕದ್ದು ಎಂಬುದೇ ಇಂದಿನ ಮಾತಿನ ಮರ್ಮ.

ಈಗ ಔಷಧಿಯ ಕಡೆಗೆ ತಿರುಗೋಣ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿರುವ ದಾದಿಯೊಬ್ಬರು, ರೋಗಿಗೆ ಚುಚ್ಚುಮದ್ದು ಕೊಟ್ಟು ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಅದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡಿತೆಂದು ಊಹಿಸಿಕೊಳ್ಳಿ. ಚುಚ್ಚಿದ ಬೆರಳನ್ನು ಬಾಯಿಗಿಟ್ಟು ಚೀಪುವುದು ಅಥವಾ ರಕ್ತ ಹೊರಬರಲೆಂದು ಬಲವಾಗಿ ಹಿಂಡುವುದು ನಮ್ಮೆಲ್ಲರಿಗೂ ಬಾಲ್ಯದಿಂದ ಬಂದ ಅಭ್ಯಾಸ, ಎರಡನ್ನೂ ಮಾಡಕೂಡದು. ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದುಕೊಂಡು, ಕೂಡಲೇ ಕರ್ತವ್ಯದ ಮೇಲಿರುವ ವೈದ್ಯರಿಗೆ ತಿಳಿಸತಕ್ಕದ್ದು. ಸೋಂಕಿತ ರಕ್ತವಿದ್ದ ಸೂಜಿ ಹೀಗೆ ಚುಚ್ಚಿದಾಗ ಸೋಂಕು ದಾಟುವ ಸಂಭವ ಸಾವಿರಕ್ಕೆ ಸುಮಾರು ಮೂರು. ಇದು ಅಲ್ಪವಾದರೂ ಅಲಕ್ಷ್ಯ ಮಾಡಲು ತಕ್ಕದ್ದಲ್ಲ. ಅಂಥ ಸಂದರ್ಭದಲ್ಲಿ ಕೊಡುವ ಚಿಕಿತ್ಸೆಗೆ ಪೆಪ್ ಎಂದು ಹೆಸರು. ಸಾಧ್ಯವಾದರೆ ಮೊದಲ ಎರಡು ಗಂಟೆಗಳಲ್ಲಿಯೇ, ಹೇಗಿದ್ದರೂ ೭೨ ಗಂಟೆಗಳೊಳಗೆ ಅದನ್ನು ಆರಂಭಿಸಬೇಕು. ೨೮ ದಿನ ತಪ್ಪದೆ ನಡೆಸಬೇಕು. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕವಾಗಿರಲಿ, ಅತ್ಯಾಚಾರದಂಥ ಘೋರ ಕೃತ್ಯಕ್ಕೆ ಗುರಿಯಾದವರಾಗಿರಲಿ, ಈ ೭೨ ಗಂಟೆಗಳ ನಿಯಮ ಎಲ್ಲರಿಗೂ ಒಂದೇ.

ಈ ಚಿಕಿತ್ಸೆಯ ಫಲವೇನೂ ಬರಿಯ ಊಹೆಯಲ್ಲ. ಜಿಡೊವುಡಿನ್ ಎಂಬ ಒಂದೇ ಔಷಧಿಯನ್ನು ಸೇವಿಸಿದ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಸೋಂಕಿನ ಸಂಭವ ಸುಮಾರು ೮೧ ಪ್ರತಿಶತದಷ್ಟು ಇಳಿದಿತ್ತೆಂದು ೧೯೯೭ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂದು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಒಂದೇ ಮಾತ್ರೆಯಲ್ಲಿ ಕೂಡಿರುವ, ದಿನಕ್ಕೊಮ್ಮೆ ನುಂಗತಕ್ಕ ಟಿ.ಎಲ್.ಡಿ. ಮೊದಲ ಎರಡು ಔಷಧಿಗಳು ವೈರಾಣುವು ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ಬರೆದುಕೊಳ್ಳುವುದಕ್ಕೆ ಅಡ್ಡಿಯಾಗುತ್ತವೆ. ಮೂರನೆಯದು ಹಾಗೆ ಬರೆದುಕೊಂಡದ್ದು ನಮ್ಮ ಜೀವಕೋಶದ ಡಿ.ಎನ್.ಎ.ಯೊಳಗೆ ಸೇರಿಕೊಳ್ಳದಂತೆ ತಡೆಯುತ್ತದೆ. ಹೇಳಿಬಿಡಬೇಕಾದ ಮಾತೊಂದು: ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯ ಉರಿಗೆ ಕುಡಿಯುವ ಆಂಟಾಸಿಡ್ ಇವುಗಳು ಡೊಲುಟೆಗ್ರಾವಿರ್ ಶರೀರಕ್ಕೆ ಹತ್ತದಂತೆ ಮಾಡಬಲ್ಲವಾದ್ದರಿಂದ, ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿರುವವರು ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ರಕ್ತದಲ್ಲಿರುವ ಮಾತ್ರೆಯ ಅಂಶವು ಪರೀಕ್ಷೆಯ ಪಟ್ಟಿಯ ಮೇಲಾಗಲಿ, ದ್ರಾವಣದ ಮೇಲಾಗಲಿ ಯಾವ ಪ್ರಭಾವವನ್ನೂ ಬೀರುವುದಿಲ್ಲ. ಇಲ್ಲದ ಸೋಂಕನ್ನು ಇದೆಯೆಂದು ತೋರಿಸುವ ಸಾಮರ್ಥ್ಯವೂ ಅದಕ್ಕಿಲ್ಲ. ಆದರೆ ಔಷಧಿಯು ಸೋಂಕನ್ನು ಪೂರ್ಣವಾಗಿ ತಡೆಯಲು ವಿಫಲವಾದ ಅಪರೂಪದ ಪ್ರಸಂಗದಲ್ಲಿಯೂ, ಅದು ರಕ್ತದಲ್ಲಿರುವಷ್ಟು ಕಾಲ ವೈರಾಣುವಿನ ವೃದ್ಧಿಯನ್ನು ಅದುಮಿ ಹಿಡಿದಿರುತ್ತದೆ. ವೈರಾಣು ಅತ್ಯಲ್ಪವಾಗಿದ್ದಾಗ ಅದರ ಆರ್.ಎನ್.ಎ.ಯೂ ಪಿ೨೪ ಪ್ರೋಟೀನೂ ಪರೀಕ್ಷೆಯ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಶತ್ರುವಿನ ಪರಿಚಯವೇ ಸಾಕಷ್ಟು ಆಗದುದರಿಂದ ಶರೀರವು ಪ್ರತಿಕಾಯಗಳನ್ನು ಉತ್ಪಾದಿಸುವುದೂ ತಡವಾಗಬಹುದು. ಹೆಪ್ಪು ಹಾಕಿದ ಹಾಲನ್ನು ತಣ್ಣನೆಯ ಸ್ಥಳದಲ್ಲಿಟ್ಟು, ವಾಡಿಕೆಯ ಹೊತ್ತಿಗೆ ಮುಚ್ಚಳ ತೆಗೆದು ನೋಡಿ, ಇದಕ್ಕೆ ಹೆಪ್ಪೇ ಬಿದ್ದಿಲ್ಲವೆಂದು ನಿರ್ಧರಿಸಿದಂತೆಯೇ, ಮಾತ್ರೆಯ ಅವಧಿಯಲ್ಲಿ ಬಂದ ‘ನೆಗೆಟಿವ್’ ವರದಿಯನ್ನು ಕೊನೆಯ ತೀರ್ಪೆಂದು ಭಾವಿಸುವುದು. ಪರೀಕ್ಷೆ ಸುಳ್ಳು ಹೇಳಲಿಲ್ಲ. ಕೇಳಿದ ಸಮಯ ತಪ್ಪಾಯಿತು.

ಆದಕಾರಣ, ಪೆಪ್ ತೆಗೆದುಕೊಂಡವರು ದಿನಗಳನ್ನು ಎಣಿಸಬೇಕಾದುದು ಕೊನೆಯ ಮಾತ್ರೆ ನುಂಗಿದ ದಿನದಿಂದ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬ್ರಿಟನ್ನಿನ ತಜ್ಞರ ಮಾರ್ಗಸೂಚಿಯು ಇದನ್ನು ಸ್ಪಷ್ಟವಾಗಿಯೇ ವಿಧಿಸುತ್ತದೆ: ಔಷಧಿ ಮುಗಿದು ಕನಿಷ್ಠ ೪೫ ದಿನಗಳಾದ ಮೇಲೆ ಅಂತಿಮ ಪರೀಕ್ಷೆ, ಎಂದರೆ ೨೮ ದಿನಗಳ ಚಿಕಿತ್ಸೆಯನ್ನೂ ಸೇರಿಸಿದರೆ ಘಟನೆಯಿಂದ ೭೩ ದಿನಗಳು. ಅಮೆರಿಕದ ರೋಗನಿಯಂತ್ರಣ ಕೇಂದ್ರವು ೨೦೨೫ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಘಟನೆಯಾದ ನಾಲ್ಕರಿಂದ ಆರು ವಾರಗಳೊಳಗೆ ಒಂದು ನಡುಗಾಲದ ಪರೀಕ್ಷೆಯನ್ನೂ, ಹನ್ನೆರಡು ವಾರಗಳಿಗೆ ಅಂತಿಮ ಪರೀಕ್ಷೆಯನ್ನೂ ಹೇಳಿ, ಎರಡರಲ್ಲಿಯೂ ಪ್ರಯೋಗಶಾಲೆಯ ಪರೀಕ್ಷೆಯೊಡನೆ ಆರ್.ಎನ್.ಎ. ಪರೀಕ್ಷೆಯನ್ನು ಸೇರಿಸಿದೆ. ನಮ್ಮಲ್ಲಿ ಆರು ವಾರ, ಮೂರು ತಿಂಗಳು, ಆರು ತಿಂಗಳು ಎಂದು ಪರೀಕ್ಷೆಗೆ ಕರೆಯುವುದು ರೂಢಿ. ಆರು ವಾರಕ್ಕೆ ಬಂದ ವರದಿಯನ್ನು ಕೈಯಲ್ಲಿ ಹಿಡಿದು, ಗಂಡಾಂತರ ಕಳೆಯಿತೆಂದು ಮನೆಯ ದೇವರಿಗೆ ಹಣ್ಣುಕಾಯಿ ಮಾಡಿಸಿ, ಮುಂದಿನ ಪರೀಕ್ಷೆಗೆ ಮುಖ ತೋರಿಸದಿರುವವರು ಉಂಟು. ಅವರ ಸಂತೋಷಕ್ಕೆ ಬಹುಮಟ್ಟಿಗೆ ಆಧಾರವಿದ್ದೀತು. ಆದರೂ ಮೂರು ತಿಂಗಳ ಪರೀಕ್ಷೆ ಆಗದೆ ಅದು ಪೂರ್ತಿಯಾಗದು.

ಔಷಧಿ ಆರಂಭಿಸುವ ದಿನವೇ ಮಾಡುವ ಮೊದಲ ಪರೀಕ್ಷೆಯ ವಿಷಯದಲ್ಲಿಯೂ ತಪ್ಪು ತಿಳಿವಳಿಕೆಯಿದೆ. ಆ ದಿನದ ವರದಿ ನೆನ್ನೆ ಮೊನ್ನೆಯ ಘಟನೆಯ ಕುರಿತಾಗಿ ಏನನ್ನೂ ಹೇಳದು. ಅದಕ್ಕೂ ಹಿಂದೆ ಸೋಂಕು ಇತ್ತೇ ಎಂಬುದಷ್ಟೇ ಅದರಿಂದ ತಿಳಿಯುವುದು. ಆ ವರದಿ ಬರಲಿ ಎಂದು ಮೊದಲ ಮಾತ್ರೆಯನ್ನು ತಡಮಾಡುವುದು ಸಲ್ಲದು. ವೈರಾಣು ತಗುಲಿದ ಸ್ಥಳದಿಂದ ಹಾಲ್ರಸಗ್ರಂಥಿಗಳಿಗೆ, ಎಂದರೆ ಲಿಂಫ್ ಗ್ರಂಥಿಗಳಿಗೆ, ಹೋಗಿ ನೆಲೆಯೂರಲು ಎರಡು ಮೂರು ದಿನಗಳಷ್ಟೇ ಸಾಕು. ಪರೀಕ್ಷೆಗಾದರೋ ಮುಂದೆ ಬೇಕಾದಷ್ಟು ದಿನಗಳಿವೆ.

ಇನ್ನು ‘ಆಂಟಿವೈರಲ್’ ಎಂಬ ಒಂದೇ ಹೆಸರಿನಡಿ ಸೇರುವ ಬೇರೆ ಔಷಧಿಗಳ ವಿಚಾರ. ಸರ್ಪಸುತ್ತಿಗೂ ಹರ್ಪಿಸ್ ಹುಣ್ಣಿಗೂ ಕೊಡುವ ಅಸೈಕ್ಲೊವಿರ್, ಫ್ಲೂ ಜ್ವರಕ್ಕೆ ಕೊಡುವ ಒಸೆಲ್ಟಮಿವಿರ್, ಹೆಪಟೈಟಿಸ್ ಸಿ ರೋಗಕ್ಕೆ ಕೊಡುವ ಸೊಫೊಸ್ಬುವಿರ್ ಇವುಗಳಿಂದ ಎಚ್.ಐ.ವಿ. ಪರೀಕ್ಷೆಯ ಫಲಿತಾಂಶಕ್ಕೆ ಬಾಧೆಯಿಲ್ಲ. ಇವನ್ನು ಸೇವಿಸಿದವರು ಮಾಮೂಲಿನ ವಿಂಡೋ ಅವಧಿಯನ್ನೇ ಅನುಸರಿಸಬಹುದು. ಹೆಪಟೈಟಿಸ್ ಬಿ ರೋಗದ ಚಿಕಿತ್ಸೆ ಮಾತ್ರ ಇದಕ್ಕೆ ಅಪವಾದ. ಅದಕ್ಕೆ ಬಳಸುವ ಟೆನೊಫೊವಿರ್, ಲ್ಯಾಮಿವುಡಿನ್, ಸ್ವಲ್ಪ ಮಟ್ಟಿಗೆ ಎಂಟೆಕಾವಿರ್ ಕೂಡ, ಎಚ್.ಐ.ವಿ.ಯ ಮೇಲೆಯೂ ಕೆಲಸ ಮಾಡತಕ್ಕವು. ಆದ್ದರಿಂದ ಅಂಥ ಚಿಕಿತ್ಸೆಯಲ್ಲಿರುವವರು ಅದನ್ನು ಆಪ್ತಸಮಾಲೋಚಕರಿಗೆ ಮರೆಮಾಚದೆ ತಿಳಿಸಬೇಕು. ಪರೀಕ್ಷೆಗಾಗಿ ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಲೇಕೂಡದು, ಏಕೆಂದರೆ ಅದನ್ನು ಹಠಾತ್ತನೆ ಬಿಟ್ಟರೆ ಯಕೃತ್ತಿನ, ಎಂದರೆ ಲಿವರಿನ, ಉರಿಯೂತ ಪ್ರಾಣಾಪಾಯವಾಗುವ ಮಟ್ಟಿಗೆ ಕೆರಳಬಹುದು. ಸೋಂಕು ಬರದಂತೆ ಮುಂಚಿತವಾಗಿಯೇ ಪ್ರೆಪ್ ಔಷಧಿ ತೆಗೆದುಕೊಳ್ಳುವವರ ಸಂಗತಿಯೂ ಇದೇ ಜಾತಿಯದು. ಅದರಲ್ಲಿಯೂ, ಹೊರದೇಶಗಳಲ್ಲಿ ನೆಲಸಿರುವ ನಮ್ಮವರಿಗೆ ದೊರೆಯಬಹುದಾದ ಕಾಬೊಟೆಗ್ರಾವಿರ್ ಚುಚ್ಚುಮದ್ದು ತಿಂಗಳುಗಟ್ಟಲೆ ಶರೀರದಲ್ಲಿ ಉಳಿಯುವುದರಿಂದ, ಅದರ ನಡುವೆ ಸೋಂಕು ತಗುಲಿದರೆ ಅದು ಪತ್ತೆಯಾಗುವುದು ಬಹಳ ನಿಧಾನವಾಗಬಹುದು.

ಎಚ್.ಐ.ವಿ. ಇದೆಯೆಂದು ಈಗಾಗಲೇ ನಿರ್ಣಯವಾಗಿ ಎ.ಆರ್.ಟಿ. ಚಿಕಿತ್ಸೆಯಲ್ಲಿರುವ ಬಾಂಧವರಿಗೆ ಒಂದು ವಿಶೇಷ ವಿಜ್ಞಾಪನೆಯಿದೆ. ವರ್ಷಗಟ್ಟಲೆ ಮಾತ್ರೆ ನುಂಗಿ ಆರೋಗ್ಯವಾಗಿರುವಾಗ, ಮನೆಯಲ್ಲಿಯೇ ಮಾಡಿಕೊಳ್ಳುವ ಸ್ವಯಂಪರೀಕ್ಷೆಯ ಕಿಟ್ಟನ್ನು ತರಿಸಿ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಚಿಕಿತ್ಸೆಯ ಬಲದಿಂದ ಪ್ರತಿಕಾಯಗಳು ಕ್ಷೀಣವಾಗಿರುವವರಲ್ಲಿ, ವಿಶೇಷವಾಗಿ ಸೋಂಕಿನ ಆರಂಭದಲ್ಲಿಯೇ ಚಿಕಿತ್ಸೆ ತೊಡಗಿದವರಲ್ಲಿ, ಆ ಕಿಟ್ಟು ‘ನೆಗೆಟಿವ್’ ಎಂದು ತೋರಿಸಿಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆಯು ಚಿಕಿತ್ಸೆಯಲ್ಲಿರುವವರು ಅದನ್ನು ಬಳಸಬಾರದೆಂದು ಹೇಳಿರುವುದು ಇದಕ್ಕಾಗಿಯೇ. ಅಮೆರಿಕದ ಮಿಸಿಸಿಪ್ಪಿ ಸಂಸ್ಥಾನದಲ್ಲಿ ೨೦೧೦ರಲ್ಲಿ ಹುಟ್ಟಿದ ಒಂದು ಶಿಶುವಿಗೆ ಜನಿಸಿದ ಸುಮಾರು ೩೦ ಗಂಟೆಗಳಲ್ಲಿ ಔಷಧಿ ಆರಂಭವಾಯಿತು. ಒಂದೂವರೆ ವರ್ಷದ ಬಳಿಕ ಅದು ನಿಂತುಹೋದ ಮೇಲೂ ಮಗುವಿನ ರಕ್ತದಲ್ಲಿ ವೈರಾಣುವಿನ ಸುಳಿವಿರಲಿಲ್ಲ, ಪ್ರತಿಕಾಯಗಳೂ ಇರಲಿಲ್ಲ. ರೋಗ ಗುಣವಾಯಿತೆಂದು ೨೦೧೩ರಲ್ಲಿ ಜಗತ್ತೆಲ್ಲ ಹರ್ಷಿಸಿತು. ಔಷಧಿಯಿಲ್ಲದೆ ಎರಡು ವರ್ಷಗಳಿಗೂ ಮಿಕ್ಕಿ ಕಳೆದ ತರುವಾಯ, ಆ ಮಗುವಿನಲ್ಲಿ ವೈರಾಣು ಮತ್ತೆ ಕಾಣಿಸಿಕೊಂಡಿತೆಂಬ ಸುದ್ದಿ ೨೦೧೪ರ ಜುಲೈನಲ್ಲಿ ಬಂದಿತು. ವೈರಾಣು ಮರೆಯಲ್ಲಿ ಎಷ್ಟು ಕಾಲ ಕಾದಿರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಚಿಕಿತ್ಸೆಯಲ್ಲಿರುವವರು ನೋಡಬೇಕಾದುದು ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ತಿಳಿಸುವ ವೈರಲ್ ಲೋಡ್ ವರದಿಯನ್ನು. ಅದು ಪತ್ತೆಗೆ ನಿಲುಕದಷ್ಟು ಕಡಿಮೆಯಿದೆಯೆಂದರೆ ಮಾತ್ರೆ ಕೆಲಸ ಮಾಡುತ್ತಿದೆಯೆಂದು ಅರ್ಥ, ಮಾತ್ರೆ ಬೇಡವೆಂದಲ್ಲ.

ಕಾಯುವ ಈ ಅವಧಿ ಎಷ್ಟು ಕಠಿಣವೆಂಬುದನ್ನು ನಾನು ಬಲ್ಲೆ. ರಾತ್ರಿ ನಿದ್ದೆ ಬಾರದು. ಸಣ್ಣ ಗಂಟಲು ನೋವೂ ಭೀತಿಯನ್ನು ತರುತ್ತದೆ. ಮನೆಯವರೊಡನೆ ಹೇಳಿಕೊಳ್ಳಲಾಗದ ಸಂಕೋಚವೊಂದು ಎದೆಯನ್ನು ಒತ್ತುತ್ತದೆ. ನಡುವೆ ಜ್ವರ, ಮೈಮೇಲೆ ಗಂಧೆ, ಕುತ್ತಿಗೆಯಲ್ಲಿ ಗಂಟು ಕಂಡರೆ ನಿಗದಿಯಾದ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ಪರೀಕ್ಷೆಗೆ ನಿಮ್ಮ ಒಪ್ಪಿಗೆ ಪಡೆಯಬೇಕು, ನಿಮ್ಮ ವಿಷಯವನ್ನು ಗೋಪ್ಯವಾಗಿಡಬೇಕು ಎಂಬುದು ೨೦೧೮ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯೇ ವಿಧಿಸಿರುವ ಕಟ್ಟಳೆ. ಆದುದರಿಂದ ಅಂಜಿಕೆಯಿಲ್ಲದೆ ಹೋಗಬಹುದು. ಸರ್ಕಾರಿ ಕೇಂದ್ರದಲ್ಲಿ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ೧೦೯೭ ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ ಹತ್ತಿರದ ಕೇಂದ್ರ ಯಾವುದೆಂದು ತಿಳಿಯುತ್ತದೆ. ಹೋಗುವಾಗ ಮಾತ್ರೆಯ ಡಬ್ಬಿಯನ್ನು ಜೊತೆಗೊಯ್ಯಿರಿ. ಮೊದಲ ಮಾತ್ರೆ, ಕೊನೆಯ ಮಾತ್ರೆ, ನಡುವೆ ತಪ್ಪಿಹೋದ ಮಾತ್ರೆ ಇವುಗಳ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ಅಂತಿಮ ವರದಿ ಕೈಸೇರುವವರೆಗೆ ಸಂಗಾತಿಯೊಡನೆ ಕಾಂಡೋಮ್ ಬಳಸಬೇಕು. ಎದೆಹಾಲು ಕುಡಿಸುವ ತಾಯಂದಿರು ವೈದ್ಯರ ಸಲಹೆ ಕೇಳಬೇಕು. ರಕ್ತದಾನವನ್ನಂತೂ ಮಾಡಲೇಬಾರದು, ಏಕೆಂದರೆ ನಿಮ್ಮ ರಕ್ತದಲ್ಲಿ ಇನ್ನೂ ಕಾಣಿಸಿಕೊಳ್ಳದಿರುವುದು ರಕ್ತನಿಧಿಯ ಪರೀಕ್ಷೆಗೂ ಕಾಣಿಸದೆ, ಅದನ್ನು ಪಡೆಯುವ ರೋಗಿಯ ಮೈಯನ್ನು ಸೇರೀತು.