ಒಣ, ಆರಿದ, ಬತ್ತಿದ, ಖುಷ್ಕಿ



‘ಡ್ರೈ’ ಎಂಬ ಇಂಗ್ಲಿಷ್ ವಿಶೇಷಣದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಚಾಲಕರು, ‘ವಿಷಯವೇ ಡ್ರೈ ಆಯ್ತಲ್ಲ ಸಾರ್’ ಎಂದು ನಕ್ಕರು. ಅವರು ಹೇಳಿದ ಡ್ರೈಗೆ ನಮ್ಮಲ್ಲಿ ‘ನೀರಸ’ ಇದೆ, ‘ಒಣ’ ಅಲ್ಲ. ನನ್ನ ಜಗಳ ಅಲ್ಲಿಂದಲೇ ಶುರು.

ನಿಘಂಟುಗಳ ಚರಿತ್ರೆ ಬೇಡ. ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟು ತಂದದ್ದು 1824ರಲ್ಲಿ, ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಶತಾಯುಷ್ಯದ ದುಡಿಮೆ ನಿಮಗೆಲ್ಲ ಗೊತ್ತು. ನನ್ನ ತಕರಾರು ನಿಘಂಟಿನ ಅಲ್ಪವಿರಾಮದ ಮೇಲೆ. ‘ಡ್ರೈ’ ಎದುರು ಒಣ, ಆರಿದ, ಬತ್ತಿದ ಎಂದು ಸಾಲಾಗಿ ಕೂರಿಸಿದರೆ ಯಾವುದನ್ನು ಎತ್ತಿಕೊಂಡರೂ ಆದೀತು ಎನಿಸುತ್ತದೆ. ಆಗುವುದಿಲ್ಲ. ನಮ್ಮ ಹೈಸ್ಕೂಲಿನ ಮೇಷ್ಟ್ರು, ‘ಬಾವಿ ಆರಿತು’ ಎಂದು ಬರೆದ ಹುಡುಗನನ್ನು ನಿಲ್ಲಿಸಿ, ‘ಅದೇನು ದೀಪವೇನೋ?’ ಎಂದು ಕೇಳಿದ್ದರು. ಬಟ್ಟೆ ಆರುತ್ತದೆ, ಕಾಫಿ ಆರುತ್ತದೆ, ದೀಪವೂ ಆರುತ್ತದೆ. ಬಾವಿ ಬತ್ತಬೇಕು. ಬಟ್ಟೆ ಒಣಗಿತು ಅನ್ನುವುದೂ ಉಂಟು, ಒಪ್ಪಿದೆ. ಕಾಫಿ ಒಣಗಿತು ಅಂದವರುಂಟೆ?

ಇನ್ನು ಕಸದ ವಿಚಾರ. ಇಲ್ಲಿ ದೆಹಲಿಯ ಓಖ್ಲಾದಲ್ಲಿ ಗೀಲಾ–ಸೂಖಾ, ಅಂದರೆ ಒದ್ದೆ–ಒಣ; ಬೆಂಗಳೂರಿನಲ್ಲಿ ಹಸಿ ಕಸ–ಒಣ ಕಸ. ಗಮನಿಸಿ, ನಮ್ಮವರು ‘ಒದ್ದೆ ಕಸ’ ಅನ್ನಲಿಲ್ಲ. ಹಸಿ ಮೆಣಸಿನಕಾಯಿ, ಒಣ ಮೆಣಸಿನಕಾಯಿ ಎನ್ನುವ ಅಡುಗೆಮನೆಯ ಜೋಡಿಯೇ ಬೀದಿಗೆ ಬಂತು. ಮಳೆಯಲ್ಲಿ ತೊಪ್ಪೆಯಾದ ಶಾಂಪೂ ಬಾಟಲಿಯೂ ಒಣ ಕಸವೇ. ಅಂದರೆ ನಮ್ಮ ‘ಒಣ’ಕ್ಕೆ ಎದುರಾಳಿ ನೀರಲ್ಲ, ಹಸಿತನ. ಒಣಜಂಭ, ಒಣ ಉಪದೇಶ ಎಂದು ಬೈಯುವಾಗಲೂ ಒಳಗೆ ಜೀವವಿಲ್ಲ ಎಂದೇ ಅಲ್ಲವೇ ನಾವು ಹೇಳುವುದು?

ಈಗ ನನ್ನ ಮುದ್ದಿನ ಪದ, ಖುಷ್ಕಿ, ಅಂದರೆ ಮಳೆಯನ್ನೇ ನಂಬಿದ ಒಣ ಜಮೀನು. ಪಕ್ಕದ ಜಾಮಿಯಾ ನಗರದಲ್ಲಿ ಒಣಕೆಮ್ಮಿಗೆ ‘ಖುಷ್ಕ್ ಖಾಂಸಿ’ ಎನ್ನುತ್ತಾರೆ. ಅದೇ ಪಾರಸಿ ‘ಖುಷ್ಕ್’ ದಫ್ತರಗಳ ದಾರಿ ಹಿಡಿದು ನಮ್ಮ ಪಹಣಿಗೆ ಬಂದು ಕೂತಿದೆ: ಖುಷ್ಕಿ, ತರಿ, ಬಾಗಾಯ್ತು. ಶಾಸನಗಳಲ್ಲಿ ಗದ್ದೆಯ ಜೊತೆಗೆ ಬರುತ್ತಿದ್ದ, ಅದೇ ಅರ್ಥದ ಕನ್ನಡ ಪದ ‘ಬೆದ್ದಲು’ ಹಿಂದೆ ಸರಿಯಿತು. ಮಜಾ ನೋಡಿ, ಆಷಾಢದಲ್ಲಿ ಮೊಣಕಾಲುದ್ದ ಕೆಸರಿದ್ದರೂ ಖುಷ್ಕಿ ಹೊಲ ಖುಷ್ಕಿಯೇ. ಬೋರ್‌ವೆಲ್ ಹಾಕಿಸಿ ಅಡಿಕೆ ಬೆಳೆದ ಮೇಲೂ ದಾಖಲೆಯಲ್ಲಿ ಖುಷ್ಕಿಯಾಗಿಯೇ ಉಳಿದ ಜಮೀನುಗಳಿವೆ. ಪಾರಸಿಯ ಪದ ಕನ್ನಡದ ‘ಒಣ’ದ ಬುದ್ಧಿ ಕಲಿತಿದೆ ಎಂದು ನನಗೆ ತೋರುತ್ತದೆ.

ಹಾಗಾದರೆ ‘ಡ್ರೈ’ ಎದುರು ಖುಷ್ಕಿಯನ್ನು ಬರೆಯಬೇಕೇ? ಬರೆದರೆ ಬೆದ್ದಲಿಗೆ ಅನ್ಯಾಯವೇ? ರೈತನ ಬಾಯಲ್ಲಿ ಇಷ್ಟು ಕಾಲ ಹೊರಳಿದ ಪದವನ್ನು ಎರವಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆದ್ದಲನ್ನು ಬಿಟ್ಟುಕೊಡಲೂ ಬರುವುದಿಲ್ಲ. ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಯಾವುದನ್ನು ಆಡುತ್ತಾರೆ ಎಂದು ದಯವಿಟ್ಟು ನನಗೆ ಬಂದು ತಿಳಿಸಿ.